ಕಿರುನಾಲಿಗೆ ಎತ್ತಿಸಿದ ಭಾನುವಾರ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನನ್ನ ತಂಗಿ ಕುಡಿದ ಮಜ್ಜಿಗೆ ಅವಳ ಮೂಗಿನಿಂದ ಹೊರಗೆ ಬಂತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಶಾಲೆಗೆ ಹೊರಡಲು ಇನ್ನೆಷ್ಟು ಹೊತ್ತಿದೆಯೆಂದು ಅದೇ ಗಳಿಗೆಯಲ್ಲಿ ಕೈಗಡಿಯಾರ ನೋಡಿಕೊಂಡಿದ್ದೆ. ತಲೆ ಎತ್ತಿದಾಗ ಅವಳು ಲೋಟ ಕೆಳಗಿಟ್ಟು, ದಾವಣಿಯ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಗುತ್ತಿದ್ದಳು. ನಾನೂ ನಕ್ಕೆ. ಎಮ್ಮೆಕರು ಕುಡಿದ ಹಾಗೆ ಕುಡಿಯುತ್ತೀ, ಸಾವಕಾಶ ಕುಡಿ ಎಂದು ಬೈದೆ. ಅವಳು ಇನ್ನೊಂದು ಗುಟುಕು ತೆಗೆದುಕೊಂಡಳು. ಅದೂ ಹಾಗೆಯೇ ಬಂತು. ಎರಡನೆಯ ಸಲ ಇಬ್ಬರೂ ನಗಲಿಲ್ಲ.

ಎಪ್ಪತ್ತರ ದಶಕದ ಒಂದು ಚಳಿಗಾಲ ಅದು. ನಾನು ಕುರುಗೋಡಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬಳ್ಳಾರಿಯಲ್ಲಿ ಕಾಲೇಜು ಓದಿ, ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು, ಮದುವೆಯ ಮಾತನ್ನು ಮುಂದಕ್ಕೆ ತಳ್ಳುತ್ತ, ಗುಡ್ಡದ ಕೆಳಗಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆ. ತಂಗಿಗೆ ಹದಿನೆಂಟು ವರ್ಷ. ಅವ್ವ ತೀರಿಕೊಂಡ ಮೇಲೆ ಅವಳು ಅಪ್ಪನ ಜೊತೆ ನಮ್ಮೂರು ಕರೂರಿನಲ್ಲಿದ್ದಳು. ಆ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಅವಳಿಗೆ ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ಬಂತು. ಅಪ್ಪ ಸಿರುಗುಪ್ಪದ ವೈದ್ಯರಿಗೆ ತೋರಿಸಿದರು. ಅವರು ಗಂಟಲಿನಲ್ಲಿ ಬೂದುಬಣ್ಣದ ಪೊರೆ ನೋಡಿದ್ದೇ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಚುಚ್ಚುಮದ್ದು ಕೊಟ್ಟು, ಹನ್ನೆರಡು ದಿನ ಇಟ್ಟುಕೊಂಡು, ಗುಣವಾಯಿತೆಂದು ಮನೆಗೆ ಬಿಟ್ಟರು. ಕರೂರಿನ ಮನೆಯಲ್ಲಿ ಹೆಂಗಸರಿಲ್ಲ. ಆರೈಕೆ ನಾನು ಮಾಡುತ್ತೇನೆಂದು ಅವಳನ್ನು ಕುರುಗೋಡಿಗೆ ಕರೆತಂದೆ. ಅವಳ ಜೊತೆ ಅವಳ ಹೊಲಿಗೆ ಯಂತ್ರವೂ ಬಸ್ಸಿನ ಮೇಲೆ ಹತ್ತಿ ಬಂತು. ಮಜ್ಜಿಗೆ ಮೂಗಿಗೆ ಬಂದಾಗ ಅವಳು ನನ್ನ ಮನೆಗೆ ಬಂದು ಒಂಬತ್ತು ದಿನವಾಗಿತ್ತು. ಗಂಡಾಂತರ ಕಳೆಯಿತೆಂದು ನಾನು ನಂಬಿದ್ದೆ.

ನಂಬದೆ ಇದ್ದವರು ಓಣಿಯ ಜನ. ಗಂಟಲುಮಾರಿ ಅಂಟುರೋಗ. ತಂಗಿ ಬಂದ ದಿನದಿಂದ ನಮ್ಮ ಹೊಸ್ತಿಲು ಯಾರೂ ದಾಟಲಿಲ್ಲ. ನಾನು ಬಾವಿಗೆ ಹೋದರೆ ಮಾತಾಡುತ್ತಿದ್ದ ಹೆಂಗಸರು ಕೊಡ ಎತ್ತಿಕೊಂಡು ಒಬ್ಬೊಬ್ಬರಾಗಿ ಸರಿಯುತ್ತಿದ್ದರು. ಹಾಲಿನವಳು ಚೆಂಬಿಗೆ ಎತ್ತರದಿಂದ ಹಾಲು ಸುರಿಯುತ್ತಿದ್ದಳು. ಶಾಲೆಯಲ್ಲಿ ನನ್ನ ಕುರ್ಚಿಯನ್ನು ಯಾರೋ ಕಿಟಕಿಯ ಪಕ್ಕಕ್ಕೆ ಸರಿಸಿಟ್ಟಿದ್ದರು. ಅವರ ಭಯ ತಪ್ಪೆಂದು ನಾನು ಹೇಗೆ ಹೇಳಲಿ? ರೋಗಾಣುವಿನ ಪಾಠ ಮಾಡಿದವಳೇ ನಾನು. ಆದರೆ ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡಾಗ, ಇಷ್ಟು ದೊಡ್ಡ ಊರಿನಲ್ಲಿ ನಾವಿಬ್ಬರೇ ಇದ್ದೇವೆ ಅನ್ನಿಸುತ್ತಿತ್ತು.

ಮಜ್ಜಿಗೆಯ ಮರುದಿನ ಅವಳ ಮಾತು ಬದಲಾಯಿತು. ಬಾಳೆಹಣ್ಣು ಅಂದರೆ ಮಾಳೆಹಣ್ಣು ಎಂದು ಕೇಳಿಸುತ್ತಿತ್ತು. ಎಲ್ಲ ಮಾತೂ ಮೂಗಿನ ದಾರಿ ಹಿಡಿದಿತ್ತು. ಅವಳು ಒಲೆಯ ಮುಂದೆ ಕೂತು ಊದುಗೊಳವೆಗೆ ಬಾಯಿಟ್ಟರೆ ಗಾಳಿ ಕೊಳವೆಗೆ ಹೋಗುತ್ತಿರಲಿಲ್ಲ, ಮೂಗಿನಿಂದ ಸುಸ್ಸೆಂದು ಹೊರಬೀಳುತ್ತಿತ್ತು. ಕೆಂಡದ ಮೇಲಿನ ಬೂದಿಯೂ ಅಲುಗುತ್ತಿರಲಿಲ್ಲ. ಅವಳು ಮೂಗನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು ಊದಿದಳು; ಆಗ ಬೆಂಕಿ ಹತ್ತಿತು. ಜಾಣೆ ಎಂದುಕೊಂಡೆ. ಅದು ಏನನ್ನು ಹೇಳುತ್ತಿದೆ ಎಂದು ಕೂತು ಯೋಚಿಸಲಿಲ್ಲ. ಊರಿನ ಔಷಧಿ ಅಂಗಡಿಯವನು ನಿತ್ರಾಣ ಎಂದು ಹೇಳಿ ಶಕ್ತಿಯ ಗುಳಿಗೆ ಕೊಟ್ಟ. ತಂದು ನುಂಗಿಸಿದೆ. ಗುಳಿಗೆ ಇಳಿಯಿತು, ನೀರು ಮೂಗಿಗೆ ಬಂತು.

ಮನೆಯ ಒಡತಿ ಹಿತ್ತಲಿನ ಆಚೆಯ ಭಾಗದಲ್ಲಿದ್ದ ಅಜ್ಜಿ. ಅವರು ಒಳಗೆ ಬರದಿದ್ದರೂ ಗೋಡೆಯ ಆ ಕಡೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮೂರನೆಯ ದಿನ ಹಿತ್ತಲಲ್ಲಿ ನಿಂತು ತಮ್ಮ ತೀರ್ಪು ಕೊಟ್ಟರು. "ಟೀಚರಮ್ಮ, ಹುಡುಗಿಗೆ ಕಿರುನಾಲಿಗಿ ಬಿದ್ದೈತಿ. ಎತ್ತಿಸಿದ್ರ ಸರಿಹೋಗತೈತಿ. ಇದಕ್ಯಾಕ ಗುಳಿಗಿ?"

ನಮ್ಮ ಕಡೆ ಕಿರುನಾಲಿಗೆ ಬೀಳುವುದು ಎಲ್ಲರಿಗೂ ಗೊತ್ತಿರುವ ಬೇನೆ. ಮಗು ಹಾಲು ಕಕ್ಕಿದರೂ, ಒಣಕೆಮ್ಮು ಹತ್ತಿದರೂ, ಗಂಟಲಲ್ಲಿ ಏನೋ ಸಿಕ್ಕಿದಂತಾದರೂ, ಬಾಯೊಳಗೆ ಹಿಂದೆ ತೂಗುವ ಆ ಸಣ್ಣ ನಾಲಿಗೆ ಜೋತುಬಿದ್ದಿದೆ ಎನ್ನುತ್ತಾರೆ. ಎತ್ತುವುದಕ್ಕೆ ಎರಡು ದಾರಿ. ಮೊದಲನೆಯದು ನೆತ್ತಿಯ ನಟ್ಟನಡುವಿನ ಕೂದಲಿನ ಎಳೆಯನ್ನು ಬೆರಳಿಗೆ ಸುತ್ತಿ, ಟಕ್ಕೆಂದು ಸದ್ದಾಗುವಂತೆ ಮೇಲಕ್ಕೆ ಎಳೆಯುವುದು. ಅದಕ್ಕೂ ಬಗ್ಗದಿದ್ದರೆ ಹೆಬ್ಬೆರಳಿಗೆ ಉಪ್ಪು, ಮೆಣಸಿನ ಪುಡಿ ಹಚ್ಚಿ ಬಾಯೊಳಗಿಟ್ಟು ಕಿರುನಾಲಿಗೆಯನ್ನು ಮೇಲಕ್ಕೆ ಒತ್ತುವುದು, ಆಮೇಲೆ ಒಂದು ಗುಟುಕು ಮೆಣಸಿನ ನೀರು ಕುಡಿಸುವುದು. ನನಗೂ ಚಿಕ್ಕಂದಿನಲ್ಲಿ ಅವ್ವ ನೆತ್ತಿಯ ಕೂದಲು ಎಳೆದಿದ್ದಳು. ಆದರೆ ಈಗ ನಾನು ಪದವೀಧರೆ. ಅಜ್ಜಿಗೆ ನಕ್ಕು ಬಿಟ್ಟೆ. ಅಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ತಂಗಿ ನೆತ್ತಿ ತಿಕ್ಕಿಕೊಳ್ಳುತ್ತ ಕೂತಿದ್ದಳು. ಅಜ್ಜಿ ಒಳಗೆ ಬಂದು ಕೂದಲು ಎಳೆದು ಹೋಗಿದ್ದರು. ನನಗೆ ಸಿಟ್ಟು ಬರಲಿಲ್ಲ. ನಮ್ಮ ಮನೆಯೊಳಗೆ ಒಬ್ಬರು ಬಂದು ಹೋದರಲ್ಲ ಎಂಬುದೇ ಮೊದಲು ಹೊಳೆದದ್ದು.

ಐದನೆಯ ದಿನ ಭಾನುವಾರ. ಬಾದನಹಟ್ಟಿಯಿಂದ ಕಿರುನಾಲಿಗೆ ಎತ್ತುವಾಕೆಯನ್ನು ಅಜ್ಜಿ ಕರೆಸಿದರು. ಐವತ್ತರ ಆಸುಪಾಸಿನ, ಹೊಲದ ಕೆಲಸದಿಂದ ಗಟ್ಟಿಯಾದ ಕೈಗಳ ಹೆಂಗಸು. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಅವಳ ಹೆಬ್ಬೆರಳಿಗೆ ಹೆಸರಿತ್ತು. ಇದಕ್ಕಾಗಿ ಯಾರಿಂದಲೂ ಏನನ್ನೂ ಮುಟ್ಟುವವಳಲ್ಲ. ಅವಳ ಹಿಂದೆ ಓಣಿಯ ಹೆಂಗಸರೂ ಬಂದರು; ಕಿರುನಾಲಿಗೆ ಬೀಳುವುದು ಅಂಟುವ ಬೇನೆಯಲ್ಲವಲ್ಲ. ಬಾವಿಯ ಹತ್ತಿರ ಮುಖ ತಿರುಗಿಸಿದವರೇ ನನ್ನ ಚಾಪೆಯ ಮೇಲೆ ಕೂತರು. ಒಬ್ಬಾಕೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಇನ್ನೊಬ್ಬಾಕೆ ತಂಗಿಯ ಹೊಲಿಗೆ ಯಂತ್ರದ ಮೇಲಿದ್ದ ಜಂಪರಿನ ತೋಳನ್ನು ಹಿಡಿದು ನೋಡಿ, ನನಗೂ ಇಂಥದೊಂದು ಹೊಲಿದು ಕೊಡು ಅಂದಳು. ಮನೆಯ ತುಂಬ ಬಳೆಯ ಸದ್ದು, ಎಲೆಯಡಿಕೆಯ ವಾಸನೆ. ಆರೇಳು ಲೋಟ ಚಹಾ ಮಾಡುವಾಗ ನನ್ನ ಕೈಗೆ ಅದೇನೋ ಹುರುಪು ಬಂದಿತ್ತು. ಹದಿನಾಲ್ಕು ದಿನದಲ್ಲಿ ಯಾರೂ ನನ್ನ ಮನೆಯಲ್ಲಿ ಚಹಾ ಕುಡಿದಿರಲಿಲ್ಲ.

ಬಾದನಹಟ್ಟಿಯಾಕೆ ನನ್ನನ್ನು ನೋಡಿ ಕೇಳಿದಳು: "ನೀ ಹಿರೇಕಿ, ಓದಿದಾಕಿ. ನೀ ಹೂಂ ಅಂದ್ರ ನಾ ಕೈ ಹಚ್ಚತೀನಿ. ಏನಂತಿ?"

ಬೇಡ ಎಂದರೆ ಎಲ್ಲರೂ ಎದ್ದು ಹೋಗುತ್ತಿದ್ದರು. ನಾನು ಹೂಂ ಅಂದೆ.

ಆ ಒಂದು ಅಕ್ಷರವನ್ನು ಇಷ್ಟು ವರ್ಷ ಬಾಯಲ್ಲಿ ಹೊರಳಿಸಿ ನೋಡಿದ್ದೇನೆ. ಅಜ್ಞಾನದಿಂದ ಅಂದದ್ದಲ್ಲ. ನಂಬಿಕೆಯಿಂದ ಅಂದದ್ದಂತೂ ಅಲ್ಲವೇ ಅಲ್ಲ. ಚಾಪೆಯ ಮೇಲೆ ಜನ ಕೂತಿದ್ದರು, ಅವರು ಕೂತೇ ಇರಲಿ ಎಂದು ಅಂದದ್ದು.

ತಂಗಿ ಬಾಗಿಲ ಬೆಳಕಿಗೆ ಮುಖಮಾಡಿ ಬಾಯಿ ತೆರೆದಳು. ಆ ಹೆಂಗಸು ಹೆಬ್ಬೆರಳಿಟ್ಟು ಒತ್ತಿದಳು. ಯಾರ ಗಂಟಲಿಗೆ ಬೆರಳಿಟ್ಟರೂ ಹೊಟ್ಟೆಯೆಲ್ಲ ಕಿತ್ತು ಬರುವ ಹಾಗೆ ವಾಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ತಂಗಿ ಸುಮ್ಮನೆ ಕೂತಿದ್ದಳು. ಆ ಹೆಂಗಸು ಇನ್ನಷ್ಟು ಒಳಗೆ ಒತ್ತಿದಳು. ಏನೂ ಇಲ್ಲ. ಬೆರಳು ಹೊರತೆಗೆದು ಅದನ್ನೇ ನೋಡಿದಳು. "ಈ ಹುಡುಗಿಗೆ ವಾಕರಿಕಿನಾ ಬರವಲ್ದಲ್ಲ," ಅಂದಳು. ಅವಳ ದನಿ ಸಣ್ಣದಾಗಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿ, ಕ್ರಮದಂತೆ, ಮೆಣಸಿನ ನೀರಿನ ಲೋಟವನ್ನು ತಂಗಿಯ ತುಟಿಗೆ ಹಿಡಿದರು. ಅವಳು ದೊಡ್ಡ ಗುಟುಕನ್ನೇ ಕುಡಿದಳು.

ಸ್ವಲ್ಪ ಮೂಗಿಗೆ ಬಂತು. ಉಳಿದದ್ದು ಶ್ವಾಸನಾಳಕ್ಕೆ ಹೋಯಿತು.

ಕೆಮ್ಮಲು ಹೋದಳು, ಕೆಮ್ಮು ಹುಟ್ಟಲಿಲ್ಲ. ಕೆಮ್ಮಬೇಕಾದರೆ ಗಂಟಲು ಒಮ್ಮೆ ಮುಚ್ಚಿ, ಒಳಗೆ ಗಾಳಿಯನ್ನು ಕೂಡಿಹಾಕಿ ಒಮ್ಮೆಲೆ ಬಿಡಬೇಕು. ಅವಳ ಗಂಟಲಿಗೆ ಆ ಮುಚ್ಚುವ ಬಲವಿರಲಿಲ್ಲ. ಬಾಯಿ ತೆರೆದಿತ್ತು, ಎದೆ ಏಳುತ್ತಿತ್ತು, ಸದ್ದೇ ಇಲ್ಲ. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಚಹಾದ ಲೋಟ ಹಿಡಿದು ನಿಂತಿದ್ದೆ. ನಿಂತೇ ಇದ್ದೆ.

ಎದ್ದವಳು ಬಾದನಹಟ್ಟಿಯಾಕೆ. ತಂಗಿಯನ್ನು ಎಳೆದು ತನ್ನ ಮೊಣಕಾಲ ಮೇಲೆ ಬೋರಲು ಹಾಕಿ, ತಲೆ ನೆಲದ ಕಡೆ ಬಗ್ಗಿಸಿ, ಅಂಗೈಯಿಂದ ಬೆನ್ನಿಗೆ ಗುದ್ದಿದಳು. ಒಂದು, ಎರಡು, ಮೂರು. ಮೂಗು ಬಾಯಿಂದ ನೀರು ಸುರಿಯಿತು. ಆಮೇಲೆ, ಹರಿದ ಬಟ್ಟೆ ಎಳೆದಂಥ ಒಂದು ಸದ್ದಿನೊಂದಿಗೆ ಉಸಿರು ಒಳಗೆ ಹೋಯಿತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಯಾರೋ ಬಟ್ಟೆ ಅಂಗಡಿಯಲ್ಲಿ ಪೀಸು ಹರಿದಾಗ.

ಚಾಪೆಯ ಮೇಲಿದ್ದವರು ಯಾವಾಗ ಎದ್ದು ಹೋದರೋ ತಿಳಿಯಲಿಲ್ಲ. ಉಳಿದವಳು ಅವಳೊಬ್ಬಳೇ. ತಂಗಿಯ ಬಾಯಿ ಒರೆಸಿ, ಮಗ್ಗುಲಾಗಿ ಮಲಗಿಸಿ, ನನಗೆ ಹೇಳಿದಳು: "ಇದು ನನ್ನ ಕೈಯಾಗಿಂದಲ್ಲವಾ. ಒಳಗ ಜೀವನಾ ಇಲ್ಲ, ಬಾಡಿದ ಎಲಿ ಇದ್ದಂಗ ಐತಿ. ಹೊತ್ತು ಮಾಡಬ್ಯಾಡ, ಬಳ್ಳಾರಿಗೆ ಕರ್ಕೊಂಡು ಹೋಗು."

ಕಾಲೇಜಿನ ಮೆಟ್ಟಿಲು ಹತ್ತದ ಆಕೆ ಒಂದು ಬೆರಳಿನಿಂದ ತಿಳಿದದ್ದನ್ನು ನಾನು ಐದು ದಿನ ಕಣ್ಣಾರೆ ನೋಡಿಯೂ ತಿಳಿದಿರಲಿಲ್ಲ.

ಬಳ್ಳಾರಿಯ ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ತಲೆ ಮುಂದಕ್ಕೆ ಬಾಗುವಂತೆ ಹಿಡಿದುಕೊಂಡೆ. ದಾರಿಯುದ್ದಕ್ಕೂ ಬಾಯಲ್ಲಿ ಊರುವ ಎಂಜಲನ್ನು ಕರವಸ್ತ್ರಕ್ಕೆ ಬಿಡಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಗಂಟಲಿನ ವೈದ್ಯರು ಭಾನುವಾರದ ಸಂಜೆಯೂ ಬಂದು ನೋಡಿದರು. ಮನೆಮಾತು ತೆಲುಗಿನ, ನಿಧಾನ ಸ್ವಭಾವದ ನಡುವಯಸ್ಸಿನವರು. ಟಾರ್ಚು ಬಿಟ್ಟು, ‘ಆ’ ಅನ್ನಮ್ಮಾ ಎಂದರು. ನಾನೂ ಬಗ್ಗಿ ನೋಡಿದೆ. ಅವಳು ‘ಆ’ ಅಂದಳು. ಒಳಗೆ ಏನೂ ಅಲುಗಲಿಲ್ಲ. ಅಂಗುಳಿನ ಹಿಂಭಾಗ, ಗಾಳಿಯಿಲ್ಲದ ದಿನ ಹಗ್ಗದ ಮೇಲಿನ ಒದ್ದೆ ಬಟ್ಟೆಯಂತೆ ಇಳಿಬಿದ್ದಿತ್ತು.

ಏನೇನು ಮಾಡಿದಿರಿ ಎಂದು ಕೇಳಿದರು. ಮೆಣಸಿನ ನೀರಿನ ಸಂಗತಿಯನ್ನು ಮುಚ್ಚಿಡದೆ ಹೇಳಿದೆ. ಅವರು ಬೈಯಲಿಲ್ಲ. ತೆಲುಗಿನಲ್ಲಿ ಒಂದು ಗಾದೆ ಹೇಳಿದರು. ಬಳ್ಳಾರಿಯಲ್ಲಿ ಅದು ಗೊತ್ತಿಲ್ಲದವರಿಲ್ಲ. ಕಿರುನಾಲಿಗೆಗೆ ಮದ್ದು ಹಾಕಲು ಹೋದರೆ ಇದ್ದ ನಾಲಿಗೆಯೇ ಕಳಚಿ ಬಿತ್ತಂತೆ. ಅದನ್ನು ನಗುತ್ತಲೇ ಹೇಳಿದರು. ನಾನು ನೆಲ ನೋಡಿದೆ.

ಆಮೇಲೆ ನನಗೆ ವಿವರಿಸಿದರು. ಗಂಟಲುಮಾರಿಯ ವಿಷ ಗಂಟಲು ವಾಸಿಯಾದ ಮೇಲೂ ನರಗಳಲ್ಲಿ ಉಳಿದಿರುತ್ತದೆ. ಎರಡು ಮೂರು ವಾರವಾದ ಮೇಲೆ ಮೊದಲಿಗೆ ಅಂಗುಳನ್ನು ಹಿಡಿಯುತ್ತದೆ. ಆಮೇಲೆ ಹತ್ತಿರದ ದೃಷ್ಟಿ ಮಸಕಾಗಬಹುದು. ಆಮೇಲೆ, ಆಗದೆಯೂ ಇರಬಹುದು, ಉಸಿರಾಡಿಸುವ ಸ್ನಾಯುಗಳ ಸರದಿ. ಅಲ್ಲಿ ಉಸಿರು ನಿಲ್ಲದಿದ್ದರೆ, ಬಂದ ದಾರಿಯಲ್ಲೇ ಎಲ್ಲವೂ ಹಿಂದಕ್ಕೆ ಹೋಗುತ್ತದೆ, ಒಂದು ಕುರುಹೂ ಉಳಿಯುವುದಿಲ್ಲ. ಅದಕ್ಕೆ ಮದ್ದು? ಮದ್ದಿಲ್ಲ. ಕಾಯಬೇಕು.

"ಗಂಟಲು ಅಂದ್ರೆ ನಳ ಅಲ್ಲಮ್ಮ. ನಳದ ಗೋಡೆ ತಾನಾಗೇ ನಿಲ್ಲುತ್ತೆ. ಇದನ್ನ ಒಳಗಿಂದ ಯಾರೋ ಹಿಡಿದು ನಿಲ್ಲಿಸಿರಬೇಕು, ಹಗಲೂ ರಾತ್ರಿ," ಅಂದರು.

ನಾನು ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದದ್ದು ನಳವನ್ನೇ. ಎರಡು ಗೆರೆ, ನಡುವೆ ಬಾಣದ ಗುರುತು. ಈಗ ನೆನಪಾದದ್ದು ಕರೂರಿನ ಕಣ. ಭತ್ತ ತುಂಬುವಾಗ ಚೀಲದ ಬಾಯನ್ನು ಒಬ್ಬರು ಎರಡು ಕೈಯಿಂದ ಅಗಲಿಸಿ ಹಿಡಿದಿರುತ್ತಾರೆ. ತುಂಬುವವನನ್ನು ಎಲ್ಲರೂ ನೋಡುತ್ತಾರೆ, ಹಿಡಿದವಳನ್ನು ಯಾರೂ ನೋಡುವುದಿಲ್ಲ. ಅವಳ ಕೈ ಸೋತರೆ ಚೀಲದ ಬಾಯಿ ಕುಸಿದು ಭತ್ತವೆಲ್ಲ ನೆಲಕ್ಕೆ. ಪ್ರತಿ ಉಸಿರಿಗೂ ಎದೆ ಗಾಳಿಯನ್ನು ಎಳೆಯುವ ಒಂದು ಕ್ಷಣ ಮೊದಲೇ ಗಂಟಲಿನ ಸ್ನಾಯುಗಳು ಬಿಗಿದು ದಾರಿಯನ್ನು ತೆರೆದು ಹಿಡಿಯುತ್ತವಂತೆ. ಇಲ್ಲದಿದ್ದರೆ ಆ ಎಳೆತಕ್ಕೇ ದಾರಿ ಮುಚ್ಚಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಕಣದಲ್ಲಿ ಚೀಲದ ಬಾಯಿ ಹಿಡಿಯುತ್ತಿದ್ದವಳು ನಾನೇ.

ಅವಳನ್ನು ವಾರ್ಡಿಗೆ ಸೇರಿಸಿಕೊಂಡರು. ಮಂಚದ ಕಾಲಿನ ಕಡೆ ಎರಡೆರಡು ಇಟ್ಟಿಗೆ ಇಟ್ಟು ಎತ್ತರಿಸಿದರು, ಎಂಜಲು ಒಳಗಿಳಿಯದೆ ಹೊರಗೆ ಹರಿಯಲೆಂದು. ಅಂಗಾತ ಮಲಗಬಾರದು, ಮಗ್ಗುಲಲ್ಲೇ ಇರಬೇಕು. ನೀರು, ಮಜ್ಜಿಗೆ ಇಲ್ಲ; ಗಟ್ಟಿ ಗಂಜಿ, ಹಿಸುಕಿದ ಬಾಳೆಹಣ್ಣು ಮಾತ್ರ. ನನಗೆ ಒಪ್ಪಿಸಿದ ಕೆಲಸ ಒಂದು. ಬೆಳಿಗ್ಗೆ ಸಂಜೆ ಅವಳಿಂದ ಒಂದೇ ಉಸಿರಿನಲ್ಲಿ ಎಣಿಸಬೇಕು. ಎಲ್ಲಿಗೆ ನಿಲ್ಲುತ್ತದೋ ಅದನ್ನು ನೆನಪಿಡಬೇಕು. ಹತ್ತಕ್ಕಿಂತ ಕೆಳಗಿಳಿದರೆ ಎಷ್ಟು ಹೊತ್ತಾಗಿದ್ದರೂ ವೈದ್ಯರನ್ನು ಕರೆಯಬೇಕು. ಆ ಎಣಿಕೆ ಕುಸಿದರೆ ಉಸಿರಿನ ಸ್ನಾಯು ಕೈಬಿಡುತ್ತಿದೆ ಎಂದರ್ಥ. ಕೈಬಿಟ್ಟರೆ ಉಸಿರಾಡಿಸುವ ಯಂತ್ರ ಬಳ್ಳಾರಿಯಲ್ಲಿರಲಿಲ್ಲ.

ಮೊದಲ ದಿನ ಇಪ್ಪತ್ತಾರು. ಅವಳಿಗೆ ಅದೊಂದು ಆಟ. "ಕನ್ನಡದಾಗ ಉದ್ದ ಆಗತೈತಕ್ಕ. ಒನ್ ಟೂ ಅಂದ್ರ ನಲವತ್ತು ಮುಟ್ತೀನಿ ನೋಡು," ಎಂದು ಮೂಗಿನಲ್ಲೇ ಚೌಕಾಸಿ ಮಾಡಿದಳು. ನಾನು ಒಪ್ಪಲಿಲ್ಲ. ಒಂದು ವಾರಕ್ಕೆ ಹತ್ತೊಂಬತ್ತಕ್ಕೆ ಬಂತು. ಆ ವಾರವೇ, ನನ್ನ ಹರಿದ ರವಿಕೆಯನ್ನು ಹೊಲಿದು ಕೊಡುತ್ತೇನೆಂದು ಸೂಜಿ ಹಿಡಿದವಳು ಅದನ್ನು ಹತ್ತಿರ ದೂರ ಮಾಡಿ ನೋಡಿದಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಮತ್ತೆ ಮತ್ತೆ ಪ್ರಯತ್ನಿಸಿದಳು. ಕಿಟಕಿಯ ಆಚೆ ದೂರದ ಕೋಟೆಯ ಬಂಡೆ ಕಾಣುತ್ತದೆ, ಕೈಯಲ್ಲಿರುವ ಸೂಜಿಯ ಕಣ್ಣು ಕಾಣುವುದಿಲ್ಲ ಅಂದಳು. ವೈದ್ಯರು ಹೇಳಿದ್ದ ಕ್ರಮದಲ್ಲಿ ಇದು ಎರಡನೆಯದು. ಅವಳಿಗೆ ಆ ಕ್ರಮವನ್ನು ನಾನು ಹೇಳಿರಲಿಲ್ಲ. ದಾರ ಪೋಣಿಸಿಕೊಟ್ಟೆ. ಮೂರನೆಯದು ಯಾವುದೆಂದು ನನಗೊಬ್ಬಳಿಗೇ ಗೊತ್ತಿತ್ತು.

ಅಪ್ಪ ಒಮ್ಮೆ ಬಂದರು, ಕರೂರಿನಿಂದ ಸಿರುಗುಪ್ಪಕ್ಕೆ, ಅಲ್ಲಿಂದ ಬಳ್ಳಾರಿಗೆ ಬಸ್ಸು ಬದಲಿಸಿ. ಮಗಳ ಪಾದ ಹಿಡಿದು ಅರ್ಧ ದಿನ ಕೂತರು. ಹೊರಡುವಾಗ ವರಾಂಡದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಅಂದರು: "ಓದಿದಾಕಿ ನೀ ಅದಿ ಅಂತ ಬಿಟ್ಟಿದ್ನಿ." ಮೆಣಸಿನ ನೀರಿನ ಮಾತು ಅವರಿಗೆ ಯಾರು ಹೇಳಿದರೋ, ಅಥವಾ ಹೇಳಲೇ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಕೇಳುವ ಧೈರ್ಯ ಅವರು ಬದುಕಿರುವವರೆಗೂ ಬರಲಿಲ್ಲ.

ಅವಳು ಮಲಗಿದಾಗ ನಾನು ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡಿರುತ್ತಿದ್ದೆ. ನಿದ್ದೆಯಲ್ಲಿ ಸ್ನಾಯುಗಳು ಇನ್ನಷ್ಟು ಸಡಿಲವಾಗುತ್ತವೆ. ಆಳವಾದ ನಿದ್ದೆ ಹತ್ತಿದಾಗ ಅವಳ ಉಸಿರು ಗಂಟಲಿನಲ್ಲಿ ಗರಗರ ಎನ್ನುತ್ತಿತ್ತು, ಆಮೇಲೆ ಸಣ್ಣಗೆ ಸಿಕ್ಕಿಕೊಳ್ಳುತ್ತಿತ್ತು. ನಾನು ಗದ್ದವನ್ನು ಮುಂದಕ್ಕೆ ಎತ್ತುತ್ತಿದ್ದೆ; ದಾರಿ ಬಿಡುತ್ತಿತ್ತು. ಗರಗರ ಇರುವವರೆಗೆ ಭಯವಿಲ್ಲ ಎಂದು ಕಲಿತೆ. ಸದ್ದು ನಿಂತಾಗ ಏಳಬೇಕು. ಊರೆಲ್ಲ ನಿಶ್ಶಬ್ದಕ್ಕಾಗಿ ಕಾಯುವ ಹೊತ್ತಿನಲ್ಲಿ ನಾನು ಸದ್ದಿಗಾಗಿ ಕಿವಿ ತೆರೆದು ಮಲಗುತ್ತಿದ್ದೆ. ಅದು ಹೇಳಿಕೊಳ್ಳುವಂಥ ದುಃಖವೂ ಅಲ್ಲ. ಪಕ್ಕದ ಮಂಚಗಳವರು ಗುಣವಾಗಿ ಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು. ಕುರುಗೋಡಿನಿಂದ ಯಾರೂ ಬರಲಿಲ್ಲ.

ಹಗಲು ಅವಳ ಕೈಗನ್ನಡಿ ಹಿಡಿದು ಕಿಟಕಿಯ ಬೆಳಕಿಗೆ ನನ್ನ ಬಾಯಿಯನ್ನೇ ತೆರೆದು ನೋಡಿಕೊಳ್ಳುತ್ತಿದ್ದೆ. ಹುಚ್ಚಿ ಎಂದುಕೊಂಡವರು ಎಂದುಕೊಂಡರು. ಮೂಗಿನಿಂದ ಉಸಿರಾಡುವಾಗ ಅಂಗುಳಿನ ಆ ಮೆತ್ತನೆಯ ಭಾಗ ನಾಲಿಗೆಯ ಬೆನ್ನ ಮೇಲೆ ಒರಗಿ ವಿಶ್ರಮಿಸುತ್ತದೆ, ಅದರ ಹಿಂದೆ ಮೂಗಿನ ದಾರಿ ತೆರೆದಿರುತ್ತದೆ. ‘ಆ’ ಅಂದೊಡನೆ ಅದು ಹಿಂದಕ್ಕೆ ಮೇಲಕ್ಕೆ ಏಳುತ್ತದೆ, ಕಿರುನಾಲಿಗೆ ಚಿಕ್ಕದಾಗಿ ಸುಕ್ಕುಗಟ್ಟುತ್ತದೆ, ಮೂಗಿನ ಬಾಗಿಲು ಮುಚ್ಚುತ್ತದೆ. ಊದಿದಾಗ, ನುಂಗಿದಾಗ ಹಾಗೆಯೇ. ಆಕಳಿಕೆ ಬರುವ ಮೊದಲೇ ಅದಕ್ಕೆ ಗೊತ್ತಾಗಿ ಗುಡಾರದಂತೆ ಉಬ್ಬುತ್ತದೆ. ದಿನಕ್ಕೆ ಅದೆಷ್ಟು ಸಲವೋ ಈ ಬಾಗಿಲು ತೆರೆದು ಮುಚ್ಚಿ ಮಾಡುತ್ತಿತ್ತು, ಇಪ್ಪತ್ತೇಳು ವರ್ಷ ನಾನು ಅದನ್ನು ಒಮ್ಮೆಯೂ ವಿಚಾರಿಸಿರಲಿಲ್ಲ. ಕನ್ನಡಿಯಲ್ಲಿ ನನ್ನದು ಏಳುವುದನ್ನು ನೋಡಿ ಅವಳ ಮುಂದೆ ನಾಚಿಕೆಯಾಗುತ್ತಿತ್ತು.

ಎಣಿಕೆ ಹನ್ನೊಂದಕ್ಕೆ ಬಂದ ದಿನ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದರು. ಅಂದು ಅವಳು ಆಟ ನಿಲ್ಲಿಸಿದಳು. ನಾನು ಅವಳ ತಲೆ ಬಾಚುತ್ತ ಹೇಳಿಬಿಟ್ಟೆ, ಆ ಭಾನುವಾರ ನಾನು ಹೂಂ ಅನ್ನಬಾರದಿತ್ತು ಎಂದು. ಅವಳು ಬಹಳ ಹೊತ್ತು ಉಸಿರು ಕೂಡಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ನೀ ಅಂದದ್ದು ನಾ ನೋಡಿದ್ನಿ. ಮನಿತುಂಬ ಮಂದಿ ಬಂದಿದ್ರಲ್ಲಕ್ಕ. ನಿನಗ ಖುಷಿ ಆಗಿತ್ತು."

ಬಾಚಣಿಗೆ ಕೈಯಲ್ಲೇ ನಿಂತಿತು. ಅವಳು ಕ್ಷಮಿಸಿದಳೇ, ಆರೋಪಿಸಿದಳೇ? ಎರಡೂ ಅಲ್ಲ. ಕಂಡದ್ದನ್ನು ಹೇಳಿದಳು, ಅಷ್ಟೇ. ನಾನು ಒಬ್ಬಂಟಿಯಾಗಿದ್ದೇನೆ ಎಂಬುದನ್ನು ಆ ಎರಡು ವಾರದಲ್ಲಿ ಒಬ್ಬರು ಗಮನಿಸಿದ್ದರು, ಮತ್ತು ಆ ಒಬ್ಬರನ್ನೇ ನಾನು ಅಪಾಯಕ್ಕೆ ನೂಕಿದ್ದೆ.

ಎರಡು ದಿನದ ಮೇಲೆ, ಮಧ್ಯಾಹ್ನ, ಎಣಿಕೆ ಒಂಬತ್ತಕ್ಕೆ ನಿಂತಿತು. ಮತ್ತೊಮ್ಮೆ ಎಣಿಸು ಅಂದೆ. ಎಂಟು. ವರಾಂಡದಲ್ಲಿ ಓಡಿದೆ. ವೈದ್ಯರು ಊಟಕ್ಕೆ ಕೂತಿದ್ದವರು ಕೈತೊಳೆಯದೆ ಎದ್ದು ಬಂದರು. ಆಮ್ಲಜನಕದ ಸಿಲಿಂಡರು ತರಿಸಿ, ಗಂಟಲಿನ ಕಫವನ್ನು ಸಣ್ಣ ಕೊಳವೆಯಿಂದ ಎಳೆಸಿ, ಸ್ಟೂಲು ಎಳೆದುಕೊಂಡು ಕೂತು, ಅವಳ ಹೊಟ್ಟೆಯನ್ನೇ ನೋಡುತ್ತಿದ್ದರು. ಉಸಿರು ಒಳಗೆ ಹೋದಾಗ ಹೊಟ್ಟೆ ಉಬ್ಬಬೇಕು. ಉಬ್ಬುತ್ತಿತ್ತು, ಸ್ವಲ್ಪವೇ. ಬಲಗೈಯಲ್ಲಿ ಅನ್ನ ಒಣಗಿ ಅಂಟಿತ್ತು, ಅವರಿಗೆ ಅದರ ಪರಿವೆಯಿರಲಿಲ್ಲ. ಒಂದು ತಾಸು ಹೀಗೆ ಕೂತರು. ನಾನು ಮಂಚದ ಇನ್ನೊಂದು ಪಕ್ಕ ನಿಂತು ಗದ್ದ ಹಿಡಿದಿದ್ದೆ. ಅವಳ ಗಂಟಲಿನ ಬಾಯಿಯನ್ನು ತೆರೆದು ಹಿಡಿಯುವ ಕೆಲಸ ಆ ಹೊತ್ತು ನನ್ನ ಎರಡು ಬೆರಳುಗಳದ್ದು. ಬೆರಳು ಜೋಮು ಹಿಡಿದು, ಜೋಮೂ ಹೋಗಿ, ಇಲ್ಲವೇ ಇಲ್ಲ ಎನ್ನುವಂತಾಯಿತು. ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತು. ಸಂಜೆ ಒಂಬತ್ತು. ಅದರ ಮರುದಿನ ಹತ್ತು. ಹತ್ತು ಅಂದು ಕಣ್ಣಿನಲ್ಲೇ ನಕ್ಕಳು.

ಆಮೇಲಿನದು ನಿಧಾನ. ಹನ್ನೆರಡು, ಹನ್ನೆರಡು, ಹದಿನೈದು. ಒಂದು ದಿನ ವೈದ್ಯರು ಎಂದಿನಂತೆ ಚಪ್ಪಟೆ ಕಡ್ಡಿಯನ್ನು ಗಂಟಲಿಗಿಟ್ಟಾಗ ಅವಳು ಓ ಎಂದು ವಾಕರಿಸಿದಳು. ಅವರ ಅಂಗಿಯ ಮೇಲೆ ಗಂಜಿ ಬಿತ್ತು. ಅವರು ಅಂಗಿ ನೋಡಿಕೊಳ್ಳಲಿಲ್ಲ, ನನ್ನನ್ನು ನೋಡಿದರು. "ನಿಮ್ಮ ಬಾದನಹಟ್ಟಿಯಾಕೆ ಹುಡುಕಿದ್ದು ಇದನ್ನೇ ಅಲ್ವೇನಮ್ಮ?" ಅಂದರು. ಒಂದು ವಾಕರಿಕೆಗಾಗಿ ಯಾರಾದರೂ ಸಂತೋಷದಿಂದ ಅತ್ತಿದ್ದರೆ ಅದು ನಾನೇ ಇರಬೇಕು. ಸೂಜಿಗೆ ದಾರ ಅವಳೇ ಪೋಣಿಸಿದಳು. ನೀರು ಮೂಗಿಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಎಣಿಕೆ ಮೂವತ್ತು ದಾಟಿದಾಗ ಮನೆಗೆ ಬಿಟ್ಟರು.

ಕುರುಗೋಡಿಗೆ ಬಂದಮೇಲೂ ನನ್ನ ಕಿವಿ ವಾರ್ಡಿನಲ್ಲೇ ಉಳಿದಿತ್ತು. ಅವಳು ಮಗ್ಗುಲು ಬದಲಿಸಿದರೆ ಎದ್ದು ಕೂರುತ್ತಿದ್ದೆ, ಅಂಗಾತವಾದರೆ ತಿರುಗಿಸುತ್ತಿದ್ದೆ. ನಾನು ಏಳುವುದರಿಂದ ಅವಳಿಗೂ ಎಚ್ಚರವಾಗುತ್ತಿತ್ತು. ಮಲಗಕ್ಕ, ನಾ ಸಾಯಾಂಗಿಲ್ಲ ಎಂದು ಗೊಣಗುತ್ತಿದ್ದಳು. ಓಣಿಯ ಹೆಂಗಸರು ಮತ್ತೆ ಮಾತಾಡತೊಡಗಿದರು, ಆ ಭಾನುವಾರದ ಹೆಸರೆತ್ತದೆ. ಬಾದನಹಟ್ಟಿಯಾಕೆ ಒಮ್ಮೆ ಬಂದು, ತಂಗಿಯ ಬಾಯನ್ನು ಬಾಗಿಲ ಬೆಳಕಿಗೆ ತೆರೆಸಿ ದೂರದಿಂದಲೇ ನೋಡಿ, ಕೈ ಹಚ್ಚದೆ, ನೀರೂ ಕುಡಿಯದೆ ಹೋದಳು. ಅವಳಿಗೆ ಹೇಳಬೇಕಾದದ್ದನ್ನು ನಾನು ಹೇಳಲಿಲ್ಲ. ಇಂದು ಹೇಳೋಣವೆಂದರೆ ಅವಳಿಲ್ಲ.

ಮಾಗಿಯ ಚಳಿ ಕಳೆದು ಬಿಸಿಲು ಹುಟ್ಟುವ ದಿನಗಳು. ಒಂದು ಬೆಳಿಗ್ಗೆ ಮುಖದ ಮೇಲೆ ಬಿಸಿಲು ಬಿದ್ದು ಎಚ್ಚರವಾಯಿತು. ಕಿಟಕಿಯ ಬಿಸಿಲು ನನ್ನ ಹಾಸಿಗೆಗೆ ಬರಬೇಕಾದರೆ ಒಂಬತ್ತು ಗಂಟೆಯಾಗಬೇಕು. ರಾತ್ರಿ ಒಮ್ಮೆಯೂ ಎದ್ದ ನೆನಪಿಲ್ಲ. ಅವಳ ಉಸಿರು ಒಮ್ಮೆಯೂ ಕೇಳಿರಲಿಲ್ಲ. ಪಕ್ಕಕ್ಕೆ ಕೈಚಾಚಿದೆ. ಅವಳ ಹಾಸಿಗೆ ಖಾಲಿಯಿತ್ತು, ಮುಟ್ಟಿದರೆ ತಣ್ಣಗಿತ್ತು.

ಒಳಗಿನಿಂದ ಊದುಗೊಳವೆಯ ಸದ್ದು ಬಂತು. ಉದ್ದವಾದ, ತುಂಬಿದ, ನೇರವಾದ ಒಂದು ಉಸಿರು. ಮೂಗಿನಲ್ಲಿ ಸೋರದೆ ಪೂರ್ತಿ ಕೊಳವೆಯೊಳಗೆ ಹೋದದ್ದು. ಅದರ ಹಿಂದೆಯೇ ಬೆಂಕಿ ಹತ್ತಿದ ಸದ್ದು. ಬಾಗಿಲಿಗೆ ಹೋಗಿ ನಿಂತೆ. ಅವಳು ಎರಡೂ ಕೈಯಿಂದ ಕೊಳವೆ ಹಿಡಿದಿದ್ದಳು. ಮೂಗಿನ ಮೇಲೆ ಬೆರಳಿರಲಿಲ್ಲ. ನನ್ನನ್ನು ಕಂಡು ಕೊಳವೆ ಕೆಳಗಿಟ್ಟಳು.

"ರಾತ್ರಿಯೆಲ್ಲ ಸತ್ತಂಗ ಮಲಗಿದ್ನಿ, ಹೊತ್ತು ಹುಟ್ಟಿದ ಮ್ಯಾಲೆ ಎದ್ನಿ. ನೀ ಇನ್ನಾ ಗೊರಕಿ ಹೊಡಿತಿದ್ದಿ. ನಿನ್ನ ಉಸಿರು ಕೂತು ಎಣಿಸಿದ್ನಿ ನೋಡಕ್ಕ, ಒಂದೂ ತಪ್ಪಲಿಲ್ಲ," ಅಂದಳು.

ಶಾಲೆಯ ಮೊದಲ ಗಂಟೆ ಆಗಲೇ ಬಾರಿಸಿತ್ತು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಅವಳು ಮಜ್ಜಿಗೆ ಲೋಟಕ್ಕೆ ಬಗ್ಗಿಸಿಕೊಂಡು, ಸಾವಕಾಶ, ಒಂದು ಹನಿಯೂ ಚೆಲ್ಲದೆ ಕುಡಿದಳು.